ಬೀಸುಕಲ್ಲಿಗೆ ಹಿಡಿ ಹಿಡಿ ಕಾಳು

ಮಕ್ಕಳೇ, ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಊಟದ ತಾಟು ಇಡುತ್ತಾರೆ? ಬೆಳಿಗ್ಗೆ ನಾಷ್ಟಾ, ಮಧ್ಯಾಹ್ನ ಊಟ, ರಾತ್ರಿ ಊಟ. ಮೂರು ಸಲ, ಅಲ್ಲವೇ? ಕುಳಗೇರಿ ಕ್ರಾಸಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಮೂರು ಸಲ, ಅಜ್ಜನಿಗೆ ಮಾತ್ರ ಆರು ಸಲ. ಹೊತ್ತಾಯಿತೆಂದರೆ ಐದನೇ ತರಗತಿಯ ನನ್ನ ಮೊಮ್ಮಗಳು ಚಮಚದಿಂದ ತಾಟು ಬಾರಿಸುತ್ತಾಳೆ. “ಅಜ್ಜಾ, ಗಂಟಿ ಹತ್ತಾತು. ಕೈ ತೊಳಕೊಂಡು ಬಾ” ಎಂದು ಕೂಗುತ್ತಾಳೆ. ಅವಳಿಗೆ ಶಾಲೆ ಇದ್ದ ದಿನ ತಾಟು ಬಾರಿಸುವ ಕೆಲಸ ನನ್ನದು.

ಈ ಆರು ಸಲದ ಲೆಕ್ಕ ನಮಗೆ ಸುಲಭವಾಗಿ ಹತ್ತಲಿಲ್ಲ. ಅದನ್ನೇ ಈ ವಾರ ಹೇಳುತ್ತೇನೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಿಗಾದರೂ ಜಠರದ ಇಲ್ಲವೇ ಅನ್ನನಾಳದ ಶಸ್ತ್ರಚಿಕಿತ್ಸೆ ಆಗಿದ್ದರೆ ಉಪಯೋಗಕ್ಕೆ ಬಂದೀತು.

ನಮ್ಮ ಊರು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ಬದಾಮಿಗೆ ಹೋಗುವವರು ಇಲ್ಲಿ ಬಸ್ಸು ಇಳಿದು ತಿರುಗುತ್ತಾರೆ. ಹಗಲಿರುಳು ಬಸ್ಸು, ಲಾರಿ, ಚಹಾದ ಅಂಗಡಿ, ಮಿರ್ಚಿ ಕರಿಯುವ ವಾಸನೆ. ಇಂಥ ಊರಿನಲ್ಲಿ ನಮ್ಮ ಯಜಮಾನರು ಉಂಡು ಹೆಸರಾದವರು. ಹೊಲದಿಂದ ಬಂದರೆಂದರೆ ಬಿಸಿ ಜೋಳದ ರೊಟ್ಟಿ ಮೂರು, ಮೇಲೊಂದು ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೊನೆಗೆ ಒಂದು ಚರಿಗೆ ಮಜ್ಜಿಗೆ. ಬಡಿಸಿದವರಿಗೂ ಹೊಟ್ಟೆ ತುಂಬುವಂಥ ಊಟ.

ಹೋದ ವರ್ಷದ ಹಿಂದಿನ ವರ್ಷ ದಸರೆಯ ಹೊತ್ತಿಗೆ ಅವರಿಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬತೊಡಗಿತು. ಮೈ ಇಳಿಯಿತು. ಹುಬ್ಬಳ್ಳಿಯಲ್ಲಿ ಗಂಟಲಿನಿಂದ ಕೊಳವೆ ಬಿಟ್ಟು ನೋಡಿದ ವೈದ್ಯರು ಜಠರದಲ್ಲಿ ಗಡ್ಡೆ ಇದೆ ಎಂದರು. ದೀಪಾವಳಿ ಮುಗಿದ ವಾರ ಶಸ್ತ್ರಚಿಕಿತ್ಸೆ ಆಯಿತು. ಜಠರದ ಬಹುಪಾಲು ತೆಗೆದು, ಉಳಿದ ಚೂರನ್ನು ಸಣ್ಣ ಕರುಳಿಗೆ ಜೋಡಿಸಿದರು.

ಮನೆಗೆ ಕಳಿಸುವಾಗ ಆಹಾರದ ಒಂದು ಹಾಳೆ ಕೊಟ್ಟಿದ್ದರು. ಗಂಜಿ, ಇಡ್ಲಿ, ಮೆತ್ತಗಿನ ಅನ್ನ, ಬೇಳೆ ಕಟ್ಟು ಎಂದೆಲ್ಲ ಅದರಲ್ಲಿತ್ತು. ರೊಟ್ಟಿಯ ಹೆಸರೇ ಇರಲಿಲ್ಲ. ಅವರು ಹಾಳೆಯನ್ನು ಎರಡು ಸಲ ತಿರುವಿ ನೋಡಿ, “ರೊಟ್ಟಿ ಯಾವಾಗ?” ಎಂದು ಕೇಳಿದರು. ಮುಂದೆ ಪ್ರತಿ ತಪಾಸಣೆಯಲ್ಲೂ ವೈದ್ಯರಿಗೆ ಅವರ ಮೊದಲ ಪ್ರಶ್ನೆ ಅದೇ.

ತಪ್ಪು ಮಾಡಿದವಳು ನಾನು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಚನಾಂಗಗಳ ಚಿತ್ರ ಬರೆಸಿದವಳು, ಮನೆಯಲ್ಲಿ ಮಾತ್ರ ಹಳೆಯ ದೊಡ್ಡ ತಾಟನ್ನೇ ಅವರ ಮುಂದೆ ಇಟ್ಟೆ. ಅದರ ತುಂಬ ಅನ್ನ, ಬೇಳೆ. ಅವರು ನಾಲ್ಕು ತುತ್ತು ಉಂಡು ತಾಟು ಸರಿಸುತ್ತಿದ್ದರು. ನಾನು “ಇನ್ನೆರಡ ತುತ್ತು ಉಣ್ರಿ, ಇಲ್ಲಾಂದ್ರ ಶಕ್ತಿ ಹ್ಯಾಂಗ ಬರಬೇಕು?” ಎಂದು ಬೆನ್ನು ಹತ್ತುತ್ತಿದ್ದೆ. ಅವರು ಸಿಟ್ಟಾಗುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ದಿನ ಕಳೆದಂತೆ ಅವರು ಊಟದ ಹೊತ್ತಿಗೆ ಬೇಕೆಂದೇ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂರತೊಡಗಿದರು. ಉಂಡು ಹೆಸರಾದ ಮನುಷ್ಯ ಊಟಕ್ಕೆ ಹೆದರಿ ಕೂತಿದ್ದರು.

ಜನವರಿಯಲ್ಲಿ ಬನಶಂಕರಿ ಜಾತ್ರೆ ಬಂತು. ಜಾತ್ರೆಗೆಂದು ಬಂದ ಬೀಗರು ನಮ್ಮಲ್ಲಿ ಇಳಿದರು. ಹೋಳಿಗೆ ಮಾಡಿದ್ದೆವು. ಪಂಕ್ತಿಯಲ್ಲಿ ಎಲ್ಲರೂ ಒತ್ತಾಯ ಮಾಡುವವರೇ. “ಮಾವಾರ, ನಮ್ಮ ಸಲುವಾಗಿ ಒಂದ ಹೋಳಿಗಿ. ಹಾಲು ತುಪ್ಪ ಹಾಕ್ಕೊಂಡು ಉಣ್ರಿ, ಮೆತ್ತಗ ಐತಿ, ಏನೂ ಆಗಂಗಿಲ್ಲ.” ಬೀಗರ ಮಾತು ಮೀರಬಾರದೆಂದು ಅವರು ಉಂಡರು. ಮೇಲೆ ಒಂದು ಲೋಟ ನೀರು ಕುಡಿದರು.

ಕಾಲು ಗಂಟೆ ಆಗಿರಲಿಲ್ಲ. ಹಣೆಯ ಮೇಲೆ ಬೆವರು ಇಳಿಯಿತು. ಮುಖ ಬಿಳಚಿಕೊಂಡಿತು. “ಎದಿ ಢವಢವ ಅನ್ನಾಕತ್ತೈತಿ, ಕಣ್ಣ ಮಂಜ ಆಗಾಕತ್ತಾವು” ಎಂದು ಗೋಡೆಗೆ ಒರಗಿದರು. ಹೊಟ್ಟೆ ತಿರುಚಿತು, ಭೇದಿ ಆಯಿತು. ಹೃದಯಾಘಾತವೇ ಎಂದು ಮನೆಯೆಲ್ಲ ನಡುಗಿತು. ಆಸ್ಪತ್ರೆಗೆ ಫೋನು ಮಾಡಿ, ಅವರು ಹೇಳಿದಂತೆ ಹತ್ತಿರದ ವೈದ್ಯರಲ್ಲಿಗೆ ಕರೆದೊಯ್ದೆವು. ನಾಡಿ, ರಕ್ತದೊತ್ತಡ, ಇಸಿಜಿ ಎಲ್ಲ ನೋಡಿದ ವೈದ್ಯರು, “ಹೃದಯ ಸರಿಯಾಗಿದೆ. ಇದು ಡಂಪಿಂಗ್. ಏನು ಉಂಡಿರಿ?” ಎಂದು ಕೇಳಿದರು. ಹೋಳಿಗೆಯ ಕಥೆ ಕೇಳಿ ತಲೆಯಾಡಿಸಿದರು.

ಡಂಪಿಂಗ್ ಅಂದರೇನು ಎಂದು ಮೊಮ್ಮಗಳು ಕೇಳಿದಾಗ ನನಗೆ ಹೊಳೆದದ್ದು ಹಿಟ್ಟಿನ ಗಿರಣಿ.

ಗಿರಣಿ ನೋಡಿದ್ದೀರಲ್ಲ? ಮೇಲೆ ತಗಡಿನ ದೊಡ್ಡ ಬಾಯಿ ಇರುತ್ತದೆ. ಅದರೊಳಗೆ ಒಂದು ಡಬ್ಬಿ ಜೋಳ ಸುರಿದು ನಾವು ಮಾತಾಡುತ್ತ ನಿಲ್ಲುತ್ತೇವೆ. ಅದು ಕಾಳನ್ನು ಹಿಡಿದಿಟ್ಟುಕೊಂಡು, ಕೆಳಗಿನ ಕಲ್ಲಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನಮ್ಮ ಜಠರ ಆ ತಗಡಿನ ಬಾಯಿಯಂತೆ. ದೊಡ್ಡವರ ಜಠರ ಊಟವಾದಾಗ ಹಿಗ್ಗಿ ಒಂದರಿಂದ ಒಂದೂವರೆ ಲೀಟರಿನಷ್ಟು ಹಿಡಿಯುತ್ತದೆ. ಆಹಾರವನ್ನು ಕಲಸಿ, ಅರೆದು, ತನ್ನ ರಸ ಬೆರೆಸಿ, ತಳದಲ್ಲಿರುವ ಸಣ್ಣ ಬಾಗಿಲಿನಿಂದ ಎರಡು ಮೂರು ತಾಸು ನಿಧಾನವಾಗಿ ಕರುಳಿಗೆ ಬಿಡುತ್ತದೆ.

ಗಿರಣಿಯ ಆ ಬಾಯಿಯನ್ನೇ ಕಿತ್ತು ಹಾಕಿದರೆ? ಡಬ್ಬಿ ಜೋಳ ಒಮ್ಮೆಲೇ ಕಲ್ಲಿನ ಮೇಲೆ ಬಿದ್ದು ಎಲ್ಲ ಚೆಲ್ಲುತ್ತದೆ. ಅಜ್ಜನಿಗೆ ಆದದ್ದು ಹಾಗೆ. ಹೋಳಿಗೆಯ ಬೆಲ್ಲ, ಹಾಲು, ನೀರು ಒಟ್ಟಿಗೇ ಸಣ್ಣ ಕರುಳಿಗೆ ಸುರಿದವು. ಅಷ್ಟು ಸಿಹಿ ಬಿದ್ದಾಗ ಕರುಳು ಮೈಯೊಳಗಿನ ನೀರನ್ನು ತನ್ನತ್ತ ಎಳೆದುಕೊಂಡಿತು. ಅದಕ್ಕೇ ಬೆವರು, ಎದೆಬಡಿತ, ತಲೆಸುತ್ತು, ಭೇದಿ. ಇದು ಉಂಡ ಹತ್ತು ನಿಮಿಷದಿಂದ ಅರ್ಧ ತಾಸಿನೊಳಗೆ ಬರುತ್ತದೆ. ಕೆಲವರಿಗೆ ಒಂದರಿಂದ ಮೂರು ತಾಸಿನ ನಂತರವೂ ಬರಬಹುದು. ಆಗ ರಕ್ತದ ಸಕ್ಕರೆ ಏಕಾಏಕಿ ಇಳಿದು ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಆಗ ಏನು ಕೊಡಬೇಕೆಂದು ವೈದ್ಯರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

“ಹಂಗಾರ ಅಜ್ಜನ ಹೊಟ್ಟಿ ಈಗ ಏನು?” ಎಂದಳು ಮೊಮ್ಮಗಳು. ಅಟ್ಟದ ಕೆಳಗೆ ನಮ್ಮ ಅತ್ತೆಯವರ ಬೀಸುಕಲ್ಲು ಇನ್ನೂ ಇದೆ. ಅದನ್ನು ತೋರಿಸಿದೆ. ಬೀಸುಕಲ್ಲಿಗೆ ಡಬ್ಬಿ ಸುರಿಯುವ ಹಾಗಿಲ್ಲ. ಹಿಡಿ ಕಾಳು ಹಾಕಬೇಕು, ಬೀಸಬೇಕು, ಮತ್ತೆ ಹಿಡಿ ಹಾಕಬೇಕು. ಆದರೆ ಹಿಟ್ಟು ಅಷ್ಟೇ ಬರುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೆ. ಅಂದೇ ಸಂಜೆ ಅವಳು ಪಾಟಿಯ ಮೇಲೆ ಆರು ಹೊತ್ತು ಬರೆದು ಗೋಡೆಗೆ ತೂಗುಹಾಕಿದಳು.

ಜಠರ ಒಳಗೆ ಏನು ಮಾಡುತ್ತದೆಂದು ಮನುಷ್ಯರು ಕಣ್ಣಾರೆ ನೋಡಿದ ಕಥೆಯೊಂದಿದೆ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ಎಂಬ ದ್ವೀಪದಲ್ಲಿ ಅಕಸ್ಮಾತ್ತಾಗಿ ಬಂದೂಕು ಹಾರಿ, ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನ ಹೊಟ್ಟೆಯ ಎಡಬದಿಗೆ ಗುಂಡು ಬಿತ್ತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಉಳಿಸಿದ. ಗಾಯ ಮಾಯಿತು, ಆದರೆ ಜಠರಕ್ಕೆ ಹೊರಗಿನಿಂದ ಒಂದು ತೂತು ಹಾಗೆಯೇ ಉಳಿಯಿತು. 1825ರಿಂದ ಬೋಮಾಂಟ್ ಮಾಂಸದ ಚೂರು, ಬ್ರೆಡ್ಡು, ಕೋಸಿನ ಎಲೆಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ತಾಸು ತಾಸಿಗೆ ಎಳೆದು ನೋಡಿದ. ಸೇಂಟ್ ಮಾರ್ಟಿನ್ ಅದೇ ವರ್ಷ ಹೇಳದೆ ಕೇಳದೆ ಊರಿಗೆ ಓಡಿಹೋದ! ವರ್ಷಗಳ ಮೇಲೆ ಮತ್ತೆ ಬಂದ. 1833ರಲ್ಲಿ ಬೋಮಾಂಟನ ಪುಸ್ತಕ ಬಂತು. ಆತ ಕಂಡ ಸಂಗತಿಗಳಲ್ಲಿ ಒಂದು ನನಗೆ ಬಹಳ ನಾಟಿತು. ಆ ತರುಣ ಸಿಟ್ಟಾದಾಗ ಜಠರದ ಕೆಲಸವೂ ಕೆಡುತ್ತಿತ್ತು. ತಾಟಿನ ಮುಂದೆ ಜಗಳ ಮಾಡುತ್ತಿದ್ದ ನಾನು ಇದನ್ನು ಎರಡು ಸಲ ಓದಿದೆ.

ಇನ್ನು ಜಠರವನ್ನು ತೆಗೆದರೆ ಬದುಕುವುದು ಹೇಗೆ? 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡೊರ್ ಬಿಲ್‌ರೋತ್ ಎಂಬ ಶಸ್ತ್ರವೈದ್ಯ 43 ವರ್ಷದ ಹೆಣ್ಣುಮಗಳೊಬ್ಬಳ ಜಠರದ ಗಡ್ಡೆಯ ಭಾಗವನ್ನು ತೆಗೆದು ಉಳಿದದ್ದನ್ನು ಕರುಳಿಗೆ ಜೋಡಿಸಿದ. ಕಾಯಿಲೆ ಮರಳಿ ಬಂದು ಸುಮಾರು ನಾಲ್ಕು ತಿಂಗಳಿಗೆ ಅವಳು ತೀರಿಕೊಂಡಳು. ಆದರೆ ಆ ಶಸ್ತ್ರಚಿಕಿತ್ಸೆಯನ್ನು ತಾಳಿಕೊಂಡು, ಉಂಡು, ಮನೆಗೆ ಹೋದದ್ದು ದಾರಿ ತೋರಿಸಿತು. 1897ರಲ್ಲಿ ಜೂರಿಕ್‌ನಲ್ಲಿ ಕಾರ್ಲ್ ಶ್ಲಾಟರ್ 56 ವರ್ಷದ ಒಬ್ಬಾಕೆಯ ಇಡೀ ಜಠರವನ್ನೇ ತೆಗೆದ. ಅವಳು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಇಂದು ಜಠರವಿಲ್ಲದೆ ವರ್ಷಗಟ್ಟಲೆ ಹೊಲ, ಮನೆ, ನೌಕರಿ ಮಾಡಿಕೊಂಡಿರುವವರಿದ್ದಾರೆ.

ಈಗ ಅಡುಗೆಮನೆಗೆ ಬರೋಣ. ಜೋಳ, ಬೇಳೆ, ಮೊಸರಿನ ನಮ್ಮ ಸೀಮೆಯಲ್ಲಿ ಇಂಥ ಊಟಕ್ಕೆ ಹೊರಗಿನಿಂದ ತರಬೇಕಾದ್ದು ಕಡಿಮೆ.

ಮೊದಲು ನಾನು ದೊಡ್ಡ ತಾಟು ಎತ್ತಿಟ್ಟೆ. ಮೊಮ್ಮಗಳ ಸಣ್ಣ ತಾಟು ಅಜ್ಜನದಾಯಿತು. ಸಣ್ಣ ತಾಟಿನಲ್ಲಿ ಸಣ್ಣ ಬಟ್ಟಲಿನಷ್ಟು ಬಡಿಸಿದರೆ ತಾಟು ತುಂಬಿ ಕಾಣುತ್ತದೆ, ಖಾಲಿಯೂ ಆಗುತ್ತದೆ. ಉಂಡು ಮುಗಿಸಿದೆ ಎನ್ನುವ ಸಮಾಧಾನ ಅವರಿಗೆ ಎಷ್ಟೋ ತಿಂಗಳ ಮೇಲೆ ಸಿಕ್ಕಿತು.

ನಮ್ಮ ಪಾಟಿಯಲ್ಲಿ ಬರೆದದ್ದು ಹೀಗಿತ್ತು. ಬೆಳಿಗ್ಗೆ 7ಕ್ಕೆ ಒಂದು ಇಡ್ಲಿ ಇಲ್ಲವೇ ಮೆತ್ತಗಿನ ಉಪ್ಪಿಟ್ಟು. 10ಕ್ಕೆ ಒಂದು ಬಟ್ಟಲು ಗಟ್ಟಿ ಮೊಸರು, ಅರ್ಧ ಬಾಳೆಹಣ್ಣು. ಮಧ್ಯಾಹ್ನ 1ಕ್ಕೆ ಚೆನ್ನಾಗಿ ಬೆಂದ ಜೋಳದ ನುಚ್ಚು, ಹೆಸರುಬೇಳೆ, ಮೆತ್ತಗಿನ ಹೀರೆಕಾಯಿ ಪಲ್ಯ, ಒಂದು ಚಮಚ ತುಪ್ಪ. 4ಕ್ಕೆ ಮೊಸರಿನಲ್ಲಿ ನೆನೆದ ಅವಲಕ್ಕಿ, ನುಣ್ಣಗೆ ಕುಟ್ಟಿದ ಶೇಂಗಾ ಪುಡಿ. ಸಂಜೆ 6ಕ್ಕೆ ಗಟ್ಟಿ ಬೇಳೆ, ಕಿವುಚಿದ ಬಟಾಟೆ. ರಾತ್ರಿ 8ಕ್ಕೆ ಮೆತ್ತಗಿನ ಅನ್ನ, ಬೇಳೆ. ತತ್ತಿ ತಿನ್ನುವ ಮನೆಯವರು ಯಾವುದಾದರೊಂದು ಹೊತ್ತಿಗೆ ಬೇಯಿಸಿದ ತತ್ತಿ ಕೊಡಬಹುದು. ಗಾಯ ಮಾಯಲು, ಇಳಿದ ಮೈ ತುಂಬಲು ಬೇಳೆ, ಮೊಸರು, ತತ್ತಿ, ಶೇಂಗಾದಂಥ ಪ್ರೋಟೀನ್ ಆರೂ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಇರಬೇಕು. ತುತ್ತು ಕಡಿಮೆ ಇರುವಾಗ ಬರೀ ಗಂಜಿ ತಿಳಿಯಲ್ಲಿ ಹೊಟ್ಟೆ ತುಂಬಿಸಬಾರದು. ಮೊದಲು ಬೇಳೆ, ಮೊಸರು, ಆಮೇಲೆ ಅನ್ನ.

ಇದು ಎರಡನೇ ತಿಂಗಳಿನ ನಂತರದ ಪಾಟಿ. ಮೊದಲ ವಾರಗಳಲ್ಲಿ ತೆಳ್ಳಗಿನದು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು ಎಂದು ಮೆಟ್ಟಿಲುಗಳಿರುತ್ತವೆ. ಯಾವ ಮೆಟ್ಟಿಲು ಯಾವಾಗ ಎಂಬುದನ್ನು ನಿಮ್ಮ ಶಸ್ತ್ರವೈದ್ಯರೇ ಹೇಳಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಪಾಟಿಯೇ ಬೇರೆಯಾಗುತ್ತದೆ.

ನೀರಿನ ಮಾತು ಹೇಳಲೇಬೇಕು. ಊಟದ ಜೊತೆ ನೀರು ಕುಡಿದರೆ ಅದು ಅನ್ನವನ್ನು ಕೊಚ್ಚಿಕೊಂಡು ಹೋಗಿ ಕರುಳಿಗೆ ಸುರಿಯುತ್ತದೆ. ಆದ್ದರಿಂದ ನೀರು, ಮಜ್ಜಿಗೆ, ಚಹಾ ಎಲ್ಲ ಊಟಕ್ಕೆ ಅರ್ಧ ತಾಸು ಮೊದಲು, ಇಲ್ಲವೇ ಅರ್ಧ ತಾಸು ನಂತರ. ನಮ್ಮ ಬಿಸಿಲಿನಲ್ಲಿ ನೀರು ಕಡಿಮೆ ಆಗಲೂಬಾರದು. ಅದಕ್ಕೇ ನಡುನಡುವೆ ಗುಟುಕು ಗುಟುಕಾಗಿ ಕುಡಿಯಬೇಕು. ಸಿಹಿ ಶರಬತ್ತು, ಬಾಟಲಿಯ ಸೋಡಾ ಬೇಡ. ಕೆಲವರಿಗೆ ಶಸ್ತ್ರಚಿಕಿತ್ಸೆಯ ಮೇಲೆ ಹಾಲು ಒಗ್ಗುವುದಿಲ್ಲ, ಮೊಸರು ಒಗ್ಗುತ್ತದೆ. ನಮ್ಮಲ್ಲೂ ಹಾಗೇ ಆಯಿತು.

ಅಗಿಯುವ ಕೆಲಸ ಈಗ ಬಾಯಿಯದೇ. ಜಠರ ಅರೆಯುತ್ತಿದ್ದದ್ದನ್ನು ಹಲ್ಲು ಅರೆಯಬೇಕು. ಹಲ್ಲು ಸೆಟ್ಟು ಸಡಿಲವಿದ್ದರೆ ಮೊದಲು ಸರಿ ಮಾಡಿಸಿಕೊಳ್ಳಿ. ಕಿತ್ತಳೆಯ ನಾರು, ಪೇರಲ ಬೀಜ, ಹಸಿ ಗಜ್ಜರಿ, ಕಬ್ಬಿನಂಥವು ಮೊದಮೊದಲು ಬೇಡ. ಅಗಿಯದ ನಾರು ಒಳಗೆ ಉಂಡೆಗಟ್ಟಿ ಸಿಕ್ಕಿಕೊಳ್ಳಬಹುದು.

ರೊಟ್ಟಿಯ ಪ್ರಶ್ನೆ? ಮೂರು ತಿಂಗಳು ದಾಟಿದ ಮೇಲೆ ವೈದ್ಯರು ನಕ್ಕು, “ಕಟಕ ರೊಟ್ಟಿ ಈಗ ಬೇಡ. ಬಿಸಿ ರೊಟ್ಟಿ ಕಾಲು ಭಾಗದಿಂದ ಶುರು ಮಾಡಿ” ಎಂದರು. ನಾನು ಹೆಂಚಿನಿಂದ ಇಳಿದ ಬಿಸಿ ರೊಟ್ಟಿಯ ಕಾಲು ಭಾಗವನ್ನು ಮುರಿದು, ಖಾರವಿಲ್ಲದೆ, ಉಪ್ಪು, ತುಪ್ಪ ಹಾಕಿ ಮೆತ್ತಗೆ ಮುಟಗಿ ಮಾಡಿ, ಬೇಳೆ ಕಟ್ಟಿನಲ್ಲಿ ನೆನೆಸಿಕೊಟ್ಟೆ. ಮೊದಲ ತುತ್ತನ್ನು ಅವರು ಬಹಳ ಹೊತ್ತು ಅಗಿದರು. ಏನೂ ಮಾತಾಡಲಿಲ್ಲ. ಮಾರನೆಯ ದಿನ ಊಟದ ಹೊತ್ತಿಗೆ ಕಟ್ಟೆಯಿಂದ ತಾವಾಗಿ ಎದ್ದು ಬಂದರು.

ಅನ್ನನಾಳದ ಶಸ್ತ್ರಚಿಕಿತ್ಸೆ ಆದವರ ಮಾತು ಸ್ವಲ್ಪ ಬೇರೆ. ಅವರಲ್ಲಿ ಬಹಳ ಸಲ ಜಠರವನ್ನೇ ಕೊಳವೆಯಂತೆ ಮಾಡಿ ಎದೆಯೊಳಗೆ ಮೇಲಕ್ಕೆ ಎಳೆದು ಜೋಡಿಸಿರುತ್ತಾರೆ. ಕೆಲವರಿಗೆ ಕೆಲವು ವಾರ ಕರುಳಿಗೇ ನೇರ ಕೊಳವೆ ಇಟ್ಟು ಆಹಾರ ಕೊಡುತ್ತಾರೆ. ಅವರಿಗೂ ಹಿಡಿ ಹಿಡಿಯ ಲೆಕ್ಕವೇ. ಜೊತೆಗೆ, ಉಂಡದ್ದು ಗಂಟಲಿಗೆ ಮರಳಿ ಬರುವ ಕಾಟ ಹೆಚ್ಚು. ಆದ್ದರಿಂದ ನೆಟ್ಟಗೆ ಕೂತು ಉಣ್ಣಬೇಕು, ಉಂಡ ಮೇಲೆ ಎರಡು ಮೂರು ತಾಸು ಮಲಗಬಾರದು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿಕೊಳ್ಳಬೇಕು.

ಸೂಜಿಯ ವಿಷಯ ಮರೆಯಬಾರದು. ಬಿ12 ಎಂಬ ಜೀವಸತ್ವ ಮೈಗೆ ಸೇರಲು ಜಠರದಲ್ಲಿ ಹುಟ್ಟುವ ಒಂದು ಪದಾರ್ಥ ಬೇಕು. ಇಡೀ ಜಠರ ತೆಗೆದವರಿಗೆ ಅದು ಇರುವುದಿಲ್ಲ, ಆದ್ದರಿಂದ ಅವರಿಗೆ ಬಿ12 ಜೀವಮಾನವಿಡೀ ಬೇಕು, ಸಾಮಾನ್ಯವಾಗಿ ಸೂಜಿಯ ಮೂಲಕ. ಭಾಗ ತೆಗೆದವರಿಗೂ ರಕ್ತ ನೋಡಿ ಕೊಡುತ್ತಾರೆ. ಇದರಲ್ಲೊಂದು ಮೋಸವಿದೆ. ನಮ್ಮ ಯಕೃತ್ತಿನಲ್ಲಿ ಬಿ12ರ ಸಂಗ್ರಹ ವರ್ಷಗಟ್ಟಲೆ ಇರುತ್ತದೆ. ಅದು ಮುಗಿಯುವವರೆಗೆ ಏನೂ ಗೊತ್ತಾಗುವುದಿಲ್ಲ. “ನಾ ಗಟ್ಟಿ ಇದ್ದೀನಿ, ಸೂಜಿ ಯಾಕ?” ಎಂದು ಬಿಟ್ಟವರಿಗೆ ಆಮೇಲೆ ಕಾಲು ಜುಮುಜುಮು, ನಿಶ್ಶಕ್ತಿ, ಮರೆವು ಬರುತ್ತವೆ. ಕಬ್ಬಿಣ, ಸುಣ್ಣದ ಅಂಶವನ್ನೂ ನೋಡಿಸುತ್ತಿರಬೇಕು. ನಮ್ಮ ಅಜ್ಜ ಸೂಜಿಗೆ ಬಹಳ ಹೆದರುತ್ತಾರೆ. ಆ ದಿನ ಮೊಮ್ಮಗಳೇ ಕೈ ಹಿಡಿದು ಕರೆದೊಯ್ಯುತ್ತಾಳೆ.

ನುಂಗಿದ್ದು ಸಿಕ್ಕಿಕೊಂಡರೆ, ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ಮಲ ಕಪ್ಪಾದರೆ, ವಾರದಿಂದ ವಾರಕ್ಕೆ ತೂಕ ಇಳಿಯುತ್ತಲೇ ಹೋದರೆ ಮನೆಮದ್ದು ಬೇಡ, ಕೂಡಲೇ ಆಸ್ಪತ್ರೆಗೆ ಹೋಗಿ. ಎದೆನೋವು ಬಂದರೂ ಡಂಪಿಂಗ್ ಇರಬೇಕೆಂದು ನೀವೇ ನಿರ್ಧರಿಸಬೇಡಿ.

ಅಜ್ಜಿಯರೇ, ಅತ್ತೆಯರೇ, ನಿಮಗೊಂದು ಮಾತು. ನಮ್ಮ ಸೀಮೆಯಲ್ಲಿ ಒತ್ತಾಯ ಮಾಡದಿದ್ದರೆ ಪ್ರೀತಿಯೇ ಇಲ್ಲ ಎಂದು ತಿಳಿಯುತ್ತಾರೆ. ಇಂಥವರ ಮುಂದೆ ಆ ರೂಢಿ ಬಿಡೋಣ. “ಇನ್ನೊಂದು ಹಾಕಿಸಿಕೊಳ್ರಿ” ಎನ್ನುವ ಬದಲು “ಎರಡು ತಾಸು ಬಿಟ್ಟು ಮತ್ತ ಉಣ್ಣುವಂತ್ರಿ” ಎನ್ನಿ. ನೋಡಲು ಹೋಗುವಾಗ ಪೇಡೆ, ಕುಂದಾ ಒಯ್ಯುವ ಬದಲು ಒಂದು ಗಡಿಗೆ ಮೊಸರು ಒಯ್ಯಿರಿ.

ಮಕ್ಕಳೇ, ನಿಮಗೆ ಈ ವಾರದ ಕೆಲಸ. ಹಳೆಯ ಪೇಪರನ್ನು ಸುರುಳಿ ಸುತ್ತಿ, ತುದಿಯಲ್ಲಿ ಬೆರಳಿನಷ್ಟು ತೂತು ಉಳಿಯುವಂತೆ ಆಲಿಕೆ ಮಾಡಿ. ಅದನ್ನು ಬಾಟಲಿಯ ಬಾಯಿಗೆ ಇಟ್ಟು ಒಂದು ಲೋಟ ಜೋಳ ಸುರಿಯಿರಿ. ಕಾಳು ಸಾಲುಗಟ್ಟಿ ಇಳಿಯುತ್ತವೆ. ಈಗ ಆಲಿಕೆ ತೆಗೆದು ಅದೇ ಲೋಟವನ್ನು ಒಮ್ಮೆಲೇ ಬಾಟಲಿಯ ಬಾಯಿಗೆ ಬೋರಲು ಹಾಕಿ. ಎಷ್ಟು ಒಳಗೆ ಹೋಯಿತು, ಎಷ್ಟು ಚೆಲ್ಲಿತು? ಚೆಲ್ಲಿದ್ದನ್ನು ಆರಿಸಿ ಒಂದೊಂದು ಚಿಟಿಕೆಯಾಗಿ ಹಾಕಿ ನೋಡಿ. ಎಲ್ಲವೂ ಒಳಗೆ ಹೋಗುತ್ತದೆ. ಆಮೇಲೆ ಕಾಳನ್ನು ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಬೈಗುಳ ನಿಮ್ಮ ಅವ್ವನಿಂದ, ನನ್ನಿಂದಲ್ಲ.

ಈ ವರ್ಷವೂ ಬನಶಂಕರಿ ಜಾತ್ರೆಗೆ ಹೋಗಿದ್ದೆವು. ಚೊಳಚಗುಡ್ಡದ ಆ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪಲ್ಯ, ಚಟ್ನಿ, ಗಡಿಗೆ ಮೊಸರು ಮಾರುವ ಅವ್ವಂದಿರನ್ನು ನೀವೂ ನೋಡಿರಬಹುದು. ಅಜ್ಜ ಒಬ್ಬರ ಮುಂದೆ ಕೂತರು. ಆ ಅವ್ವ ರೂಢಿಯಂತೆ ಎರಡು ರೊಟ್ಟಿ ಇಡಲು ಹೋದಳು. “ಅರ್ಧ ಸಾಕವಾ, ಮೊಸರು ಹಾಕು” ಎಂದರು. “ಯಾಕೋ ಯಪ್ಪಾ, ಇಷ್ಟ ದೂರ ಬಂದು ಅರ್ಧ ರೊಟ್ಟಿ?” ಎಂದಳು ಆಕೆ. ಅಜ್ಜ ಬಾಯಿ ತೆಗೆಯುವ ಮೊದಲೇ ಮೊಮ್ಮಗಳು ಹೇಳಿದಳು: “ನಮ್ಮ ಅಜ್ಜಂದು ಬೀಸುಕಲ್ಲ ಐತಿ. ಉಳಿದ ಅರ್ಧ ಕಟ್ಟಿ ಕೊಡಬೇ, ನಾಕ ಗಂಟೆಕ್ಕ ಉಣ್ತಾನ.”

ಅರ್ಧ ರೊಟ್ಟಿಗೆ ಅರ್ಧ ತಾಸು ಹಿಡಿಯಿತು. ನಾವು ಕಾದೆವು. ನಾಲ್ಕು ಗಂಟೆಗೆ ಮನೆಗೆ ಮರಳುವ ಬಸ್ಸಿನಲ್ಲಿ ಮೊಮ್ಮಗಳು ಗಂಟು ಬಿಚ್ಚಿದಳು.